ನಾಲ್ಕು ನೌಕೆಗಳ ಸಾಕ್ಷ್ಯ: ಭೂಮಿಯ ಕಾಂತಗೋಳದ ಅಧ್ಯಯನದಲ್ಲಿ ಸಮೂಹಯಾನದ ಚರಿತ್ರೆ

೧. ಪ್ರವೇಶ

ಮೌಖಿಕ ಪರಂಪರೆಯ ಕಥೆಯೊಂದು ಎರಡು ಊರುಗಳಲ್ಲಿ ಎರಡು ಬಗೆಯಾಗಿ ದೊರೆತಾಗ ಸಂಶೋಧಕನಿಗೆ ಮೊದಲು ಎದುರಾಗುವ ಪ್ರಶ್ನೆಯೆಂದರೆ, ಈ ವ್ಯತ್ಯಾಸ ಸ್ಥಳದಿಂದ ಬಂದದ್ದೋ ಕಾಲದಿಂದ ಬಂದದ್ದೋ ಎಂಬುದು. ಹತ್ತೊಂಬತ್ತನೆಯ ಶತಮಾನದ ಕೊನೆಯ ದಶಕಗಳಲ್ಲಿ ಫಿನ್ಲೆಂಡಿನ ಯೂಲಿಯಸ್ ಕ್ರೋನ್ ಮತ್ತು ಅವರ ಮಗ ಕಾರ್ಲೆ ಕ್ರೋನ್ ರೂಪಿಸಿದ ಐತಿಹಾಸಿಕ–ಭೌಗೋಳಿಕ ವಿಧಾನವು ಈ ಪ್ರಶ್ನೆಯಿಂದಲೇ ಹುಟ್ಟಿತು. ಒಂದೇ ಪಾಠವನ್ನು ಕೈಯಲ್ಲಿಟ್ಟುಕೊಂಡು ಈ ಪ್ರಶ್ನೆಗೆ ಉತ್ತರ ಹೇಳಲಾಗದು. ಹಲವು ಸ್ಥಳಗಳ ಪಾಠಗಳನ್ನು ಒಟ್ಟಿಗೆ ಇರಿಸಿದಾಗ ಮಾತ್ರ ವ್ಯತ್ಯಾಸದ ಮೂಲ ಗೋಚರಿಸುತ್ತದೆ.

ಇದೇ ಪ್ರಶ್ನೆ ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ತೀರ ಭಿನ್ನವಾದ ಶಾಸ್ತ್ರವೊಂದರಲ್ಲಿಯೂ ತಲೆದೋರಿತು. ಭೂಮಿಯ ಕಾಂತಕ್ಷೇತ್ರವು ಬಾಹ್ಯಾಕಾಶದಲ್ಲಿ ವ್ಯಾಪಿಸಿರುವ ವಲಯವನ್ನು ಅಳೆಯಲು ಹೊರಟ ಒಂಟಿ ವ್ಯೋಮನೌಕೆಯು ತಾನು ಕಂಡ ಬದಲಾವಣೆ ಸ್ಥಳದ್ದೋ ಕಾಲದ್ದೋ ಎಂಬುದನ್ನು ಹೇಳಲಾರದೆ ಹೋಯಿತು. ಇದಕ್ಕೆ ವಿಜ್ಞಾನಿಗಳು ಕಂಡುಕೊಂಡ ಪರಿಹಾರವೇ ಸಮೂಹಯಾನ, ಅಂದರೆ ಹಲವು ನೌಕೆಗಳನ್ನು ನಿಶ್ಚಿತ ರಚನೆಯಲ್ಲಿ ಜೊತೆಯಾಗಿ ಹಾರಿಸುವ ಕ್ರಮ. ಈ ಕ್ರಮವು ರೂಪುಗೊಂಡ ಬಗೆ, ಅದಕ್ಕೆ ತೆತ್ತ ಬೆಲೆ ಹಾಗೂ ಅದರಿಂದ ದೊರೆತ ತಿಳಿವಳಿಕೆಗಳನ್ನು ಚಾರಿತ್ರಿಕವಾಗಿ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

೨. ನೆಲದ ಮೇಲಿನ ಸಹವೀಕ್ಷಣೆ

ಉತ್ತರ ಧ್ರುವದ ಸಮೀಪದ ನಾಡುಗಳಲ್ಲಿ ರಾತ್ರಿಯ ಆಕಾಶವನ್ನು ಬೆಳಗುವ ಧ್ರುವಪ್ರಭೆಗೆ ಜನಪದರು ಬಹಳ ಹಿಂದಿನಿಂದಲೂ ತಮ್ಮದೇ ವಿವರಣೆ ನೀಡುತ್ತ ಬಂದಿದ್ದಾರೆ. ಫಿನ್ನಿಶ್ ಭಾಷೆಯಲ್ಲಿ ಅದಕ್ಕಿರುವ ಹೆಸರಿನ ಅರ್ಥ ‘ನರಿಯ ಬೆಂಕಿ’. ಈ ಬೆಳಕಿಗೂ ದಿಕ್ಸೂಚಿಯ ಮುಳ್ಳಿಗೂ ಸಂಬಂಧವಿದೆಯೆಂಬುದನ್ನು ಸ್ವೀಡನ್ನಿನ ಉಪ್ಸಾಲದಲ್ಲಿ ಆಂಡರ್ಸ್ ಸೆಲ್ಸಿಯಸ್ ಮತ್ತು ಒಲೋಫ್ ಹಿಯೋರ್ಟರ್ ೧೭೪೧ರಲ್ಲಿ ಗುರುತಿಸಿದರು. ಧ್ರುವಪ್ರಭೆ ತೋರಿದಾಗ ಮುಳ್ಳು ಅಸ್ಥಿರವಾಗುತ್ತಿತ್ತು. ಇದು ಉಪ್ಸಾಲದ ಉಪಕರಣದ ದೋಷವಿರಬಹುದೆ ಎಂಬ ಸಂಶಯವನ್ನು ನೀಗಿಸಲು ಅವರು ಲಂಡನ್ನಿನ ಜಾರ್ಜ್ ಗ್ರಹಾಂ ಅವರ ನೆರವು ಪಡೆದರು. ೧೭೪೧ರ ಏಪ್ರಿಲ್ ೫ರಂದು ಎರಡೂ ನಗರಗಳಲ್ಲಿ ಮುಳ್ಳು ಒಂದೇ ಸಮಯದಲ್ಲಿ ಕದಲಿದ್ದು ಖಚಿತವಾಯಿತು. ಕದಲಿಕೆಯ ಕಾರಣ ಒಂದು ಕೊಠಡಿಯ ಒಳಗಿನದಲ್ಲ, ಅದು ಇಡೀ ಪ್ರದೇಶವನ್ನು ಆವರಿಸಿದ್ದು ಎಂಬ ನಿರ್ಣಯಕ್ಕೆ ಆಧಾರವಾದದ್ದು ಎರಡನೆಯ ಸಾಕ್ಷಿ.

ಮುಂದೆ ಅಲೆಕ್ಸಾಂಡರ್ ಫಾನ್ ಹಂಬೋಲ್ಟ್ ಇಂತಹ ಕ್ಷೋಭೆಗಳಿಗೆ ‘ಕಾಂತೀಯ ಚಂಡಮಾರುತ’ ಎಂಬ ಹೆಸರನ್ನು ರೂಢಿಗೆ ತಂದರು. ೧೮೩೦ರ ದಶಕದಲ್ಲಿ ಜರ್ಮನಿಯ ಗಟಿಂಗೆನ್‌ನಲ್ಲಿ ಕಾರ್ಲ್ ಫ್ರೀಡ್ರಿಶ್ ಗೌಸ್ ಮತ್ತು ವಿಲ್‌ಹೆಲ್ಮ್ ವೆಬರ್ ಸ್ಥಾಪಿಸಿದ ಕಾಂತೀಯ ಸಂಘವು ಹಲವು ದೇಶಗಳ ವೀಕ್ಷಣಾಲಯಗಳನ್ನು ಒಂದೇ ಶಿಸ್ತಿಗೆ ಒಳಪಡಿಸಿತು. ನಿಗದಿತ ದಿನಗಳಂದು ಗಟಿಂಗೆನ್‌ನ ಕಾಲಮಾನಕ್ಕೆ ಸರಿಯಾಗಿ, ಐದೈದು ನಿಮಿಷಕ್ಕೊಮ್ಮೆ, ಎಲ್ಲೆಡೆಯೂ ಅಳತೆ ತೆಗೆಯಲಾಗುತ್ತಿತ್ತು. ಸಮೂಹವೀಕ್ಷಣೆಗೆ ಅಗತ್ಯವಾದ ಎರಡು ನಿಯಮಗಳು, ಎಂದರೆ ಸಮಾನ ಉಪಕರಣ ಹಾಗೂ ಸಮಾನ ಗಡಿಯಾರ, ಇಲ್ಲಿ ನೆಲೆಗೊಂಡವು.

ಈ ಜಾಲದ ವಿಸ್ತರಣೆಯಲ್ಲಿ ಭಾರತಕ್ಕೂ ಪಾಲಿದೆ. ಮುಂಬಯಿಯ ಕೊಲಾಬಾ ವೀಕ್ಷಣಾಲಯದಲ್ಲಿ ೧೮೪೧ರಿಂದ ಕಾಂತೀಯ ಮಾಪನ ನಡೆಯಿತು. ೧೮೫೯ರ ಸೆಪ್ಟೆಂಬರ್ ಆರಂಭದ ಮಹಾ ಚಂಡಮಾರುತದ ವೇಳೆ ಉತ್ತರದ ಹಲವು ವೀಕ್ಷಣಾಲಯಗಳಲ್ಲಿ ಕ್ಷೋಭೆಯು ಉಪಕರಣಗಳ ಮೇರೆಯನ್ನೇ ಮೀರಿದಾಗ ಕೊಲಾಬಾದ ದಾಖಲೆ ಉಳಿದುಕೊಂಡಿತು. ಅದರಲ್ಲಿ ಕಾಂತಕ್ಷೇತ್ರವು ಸುಮಾರು ೧೬೦೦ ನ್ಯಾನೊಟೆಸ್ಲಾದಷ್ಟು ಕುಸಿದದ್ದು ಕಾಣುತ್ತದೆ. ೨೦೦೩ರಲ್ಲಿ ಈ ದಾಖಲೆಯ ವಿಶ್ಲೇಷಣೆ ಪ್ರಕಟವಾದ ಮೇಲೆ, ಆ ಕುಸಿತ ಭೂಮಿಯನ್ನು ಸುತ್ತುವರಿದ ವರ್ತುಲ ವಿದ್ಯುತ್ಪ್ರವಾಹದಿಂದಾದದ್ದೋ ಅಥವಾ ಆ ಪ್ರದೇಶದ ಮೇಲಿನ ಸ್ಥಳೀಯ ಪ್ರವಾಹದಿಂದಾದದ್ದೋ ಎಂಬ ಚರ್ಚೆ ವಿದ್ವಾಂಸರಲ್ಲಿ ನಡೆದಿದೆ. ಅಮೂಲ್ಯವಾದ ದಾಖಲೆಯೂ ಒಂಟಿಯಾಗಿದ್ದರೆ ಅದರ ಅರ್ಥನಿರ್ಣಯ ಎಷ್ಟು ಕಠಿನವೆಂಬುದಕ್ಕೆ ಇದು ನಿದರ್ಶನ. ಮುಂಬಯಿಗೆ ವಿದ್ಯುತ್ ಟ್ರಾಮ್ ಬರಲಿದ್ದ ಕಾರಣ ೧೯೦೪ರಲ್ಲಿ ಅಲಿಬಾಗ್‌ನಲ್ಲಿ ಹೊಸ ವೀಕ್ಷಣಾಲಯ ಆರಂಭವಾದಾಗ, ೧೯೦೬ರವರೆಗೆ ಎರಡೂ ಕಡೆ ಏಕಕಾಲದಲ್ಲಿ ಅಳೆದು ಹಳೆಯ ಸರಣಿಗೆ ಹೊಸದನ್ನು ಬೆಸೆದದ್ದು ಸಹ ಈ ವಿವೇಕದ ಫಲವೇ ಆಗಿದೆ.

೩. ಒಂಟಿ ನೌಕೆಯ ಮಿತಿ

ಸೂರ್ಯನಿಂದ ನಿರಂತರವಾಗಿ ಹೊರಹೊಮ್ಮುವ ವಿದ್ಯುದಾವಿಷ್ಟ ಕಣಗಳ ಹರಿವಿಗೆ ಸೌರಮಾರುತವೆಂದು ಹೆಸರು. ಈ ಹರಿವಿಗೆ ತಡೆಯಾಗಿ ನಿಂತು ಭೂಮಿಯ ಕಾಂತಕ್ಷೇತ್ರವು ಬಾಹ್ಯಾಕಾಶದಲ್ಲಿ ಒಂದು ಗುಹೆಯಂತಹ ವಲಯವನ್ನು ರಚಿಸುತ್ತದೆ. ಸೂರ್ಯನ ಕಡೆಗೆ ಅದು ಅದುಮಿದಂತೆಯೂ ವಿರುದ್ಧ ದಿಕ್ಕಿನಲ್ಲಿ ಉದ್ದವಾದ ಬಾಲದಂತೆಯೂ ಇರುತ್ತದೆ. ೧೯೫೯ರಲ್ಲಿ ಥಾಮಸ್ ಗೋಲ್ಡ್ ಈ ವಲಯಕ್ಕೆ ‘ಕಾಂತಗೋಳ’ ಎಂಬರ್ಥದ ಹೆಸರನ್ನಿತ್ತರು. ೧೯೬೧ರಲ್ಲಿ ಜೇಮ್ಸ್ ಡಂಗಿಯವರು ಸೌರಮಾರುತದ ಕಾಂತರೇಖೆಗಳು ಭೂಮಿಯ ಕಾಂತರೇಖೆಗಳೊಂದಿಗೆ ಕಡಿದು ಮತ್ತೆ ಕೂಡಿಕೊಳ್ಳುವ ‘ಪುನರ್ಜೋಡಣೆ’ಯ ಮೂಲಕ ಶಕ್ತಿಯು ಒಳಪ್ರವೇಶಿಸುತ್ತದೆಂದು ಪ್ರತಿಪಾದಿಸಿದರು. ಧ್ರುವಪ್ರಭೆಗೂ ಕಾಂತೀಯ ಚಂಡಮಾರುತಗಳಿಗೂ ಇದೇ ಮೂಲವೆಂಬ ಈ ವಾದವನ್ನು ಸ್ಥಳದಲ್ಲಿಯೇ ಅಳೆದು ಪರೀಕ್ಷಿಸಬೇಕಾಗಿತ್ತು.

ಸೌರಮಾರುತದ ನಿರಂತರತೆಯನ್ನು ಸ್ಥಾಪಿಸಿದ ಅಧ್ಯಯನಗಳಲ್ಲಿ ಉಡುಪಿ ಸಮೀಪದ ಆದಮಾರಿನಲ್ಲಿ ಜನಿಸಿದ ಯು. ಆರ್. ರಾವ್ (೧೯೩೨–೨೦೧೭) ಅವರ ಪಾತ್ರವೂ ಇದೆ. ಮುಂದೆ ಭಾರತೀಯ ಬಾಹ್ಯಾಕಾಶ ಸಂಶೋಧನಾ ಸಂಸ್ಥೆಯ ಅಧ್ಯಕ್ಷರಾದ ಅವರು, ಅಮೆರಿಕದಲ್ಲಿದ್ದ ಕಾಲದಲ್ಲಿ ಮ್ಯಾರಿನರ್–೨ ನೌಕೆಯ ಮಾಪನಗಳನ್ನು ಬಳಸಿ ಸೌರಮಾರುತಕ್ಕೂ ಭೂಕಾಂತತ್ವಕ್ಕೂ ಇರುವ ಸಂಬಂಧವನ್ನು ಪರಿಶೀಲಿಸಿದ್ದರು.

೧೯೬೧ರ ಮಾರ್ಚ್‌ನಲ್ಲಿ ಹಾರಿದ ಎಕ್ಸ್‌ಪ್ಲೋರರ್–೧೦ ನೌಕೆಯು ಕಾಂತಗೋಳದ ಗಡಿಯನ್ನು ಒಂದಲ್ಲ, ಹಲವು ಬಾರಿ ದಾಟಿದಂತೆ ಮಾಪನಗಳು ತೋರಿದವು. ನೌಕೆ ಒಂದೇ ದಿಕ್ಕಿನಲ್ಲಿ ಸಾಗುತ್ತಿದ್ದಾಗ ಇದು ಹೇಗೆ ಸಾಧ್ಯ? ಗಡಿಯೇ ಹಿಂದೆ ಮುಂದೆ ಸರಿಯುತ್ತಿದ್ದಿರಬಹುದು, ಗಡಿಯಲ್ಲಿ ಅಲೆಗಳಿದ್ದಿರಬಹುದು. ಗಡಿಯ ವೇಗ ತಿಳಿಯದಿದ್ದರೆ ಅದರ ದಪ್ಪವೂ ತಿಳಿಯದು. ತೆಳುವಾದ ಗಡಿಯೊಂದು ನಿಧಾನವಾಗಿ ಹಾದುಹೋದರೂ ದಪ್ಪ ಗಡಿಯೊಂದು ವೇಗವಾಗಿ ಹಾದುಹೋದರೂ ಒಂಟಿ ನೌಕೆಯಲ್ಲಿ ಮೂಡುವ ರೇಖೆ ಒಂದೇ ಬಗೆಯದು.

ಈ ತೊಡಕನ್ನು ಭಾಗಶಃ ಬಿಡಿಸಿದ್ದು ಅಮೆರಿಕ ಹಾಗೂ ಯುರೋಪುಗಳು ಜೊತೆಗೂಡಿ ೧೯೭೭ರ ಅಕ್ಟೋಬರ್ ೨೨ರಂದು ಉಡಾಯಿಸಿದ ಐಎಸ್‌ಇಇ–೧ ಮತ್ತು ೨ ಎಂಬ ಜೋಡಿ ನೌಕೆಗಳು. ಒಂದೇ ಕಕ್ಷೆಯಲ್ಲಿ ಒಂದರ ಹಿಂದೆ ಒಂದು ಸಾಗಿದ ಇವು ಗಡಿಯನ್ನು ದಾಟಿದ ಸಮಯಗಳ ಅಂತರದಿಂದ ಗಡಿಯ ವೇಗವನ್ನೂ ದಪ್ಪವನ್ನೂ ಅಂದಾಜು ಮಾಡುವುದು ಸಾಧ್ಯವಾಯಿತು. ಪುನರ್ಜೋಡಣೆಯಿಂದ ಚಿಮ್ಮುವ ಪ್ಲಾಸ್ಮಾ ಹರಿವಿನ ಪುರಾವೆಯೂ ೧೯೭೯ರಲ್ಲಿ ಪ್ರಕಟವಾಯಿತು. ಆದರೆ ಎರಡು ನೌಕೆಗಳು ತಮ್ಮನ್ನು ಸೇರಿಸುವ ಗೆರೆಯ ಉದ್ದಕ್ಕೆ ಮಾತ್ರ ಸಾಕ್ಷಿ ನುಡಿಯಬಲ್ಲವು. ಆ ಗೆರೆಗೆ ಅಡ್ಡಲಾದ ಚಲನೆಯ ವಿಷಯದಲ್ಲಿ ಅವು ಮೌನ.

೪. ನಾಲ್ಕರ ತರ್ಕ

ಸಮೂಹಯಾನದಲ್ಲಿ ನಾಲ್ಕು ಎಂಬ ಸಂಖ್ಯೆಗೆ ಸ್ಪಷ್ಟವಾದ ಜ್ಯಾಮಿತೀಯ ಕಾರಣವಿದೆ. ಸಮತಲದಂತಹ ಗಡಿಯೊಂದು ಚಲಿಸುತ್ತಿದೆಯೆಂದು ಭಾವಿಸಿದರೆ, ಅದರ ದಿಕ್ಕನ್ನು ಹೇಳಲು ಎರಡು ಅಳತೆಗಳೂ ವೇಗವನ್ನು ಹೇಳಲು ಒಂದು ಅಳತೆಯೂ ಬೇಕು. ಹೀಗೆ ಮೂರು ಅಜ್ಞಾತಗಳಿಗೆ ಮೂರು ಕಾಲಾಂತರಗಳು ಬೇಕು. ಮೂರು ಕಾಲಾಂತರಗಳಿಗೆ ಒಂದೇ ಸಮತಲದಲ್ಲಿರದ ನಾಲ್ಕು ಬಿಂದುಗಳು ಬೇಕು. ಇಂತಹ ನಾಲ್ಕು ಬಿಂದುಗಳನ್ನು ಸೇರಿಸಿದರೆ ತ್ರಿಕೋನಾಕಾರದ ನಾಲ್ಕು ಮುಖಗಳುಳ್ಳ ಚತುಷ್ಫಲಕವಾಗುತ್ತದೆ. ಅದರ ನಾಲ್ಕು ಶೃಂಗಗಳಲ್ಲಿ ಕಾಂತಕ್ಷೇತ್ರವನ್ನು ಅಳೆದರೆ ನಡುವೆ ಹರಿಯುವ ವಿದ್ಯುತ್ಪ್ರವಾಹವನ್ನು ಸಹ ಲೆಕ್ಕ ಹಾಕಬಹುದು.

ಇಲ್ಲಿ ಎರಡು ಸಂಗತಿಗಳು ಗಮನಾರ್ಹ. ಮೊದಲನೆಯದಾಗಿ, ನಾಲ್ಕು ನೌಕೆಗಳು ಸದಾ ಒಂದೇ ಆಕಾರದಲ್ಲಿ ಹಾರುವುದಿಲ್ಲ. ಪ್ರತಿಯೊಂದೂ ತನ್ನ ಕಕ್ಷೆಯ ನಿಯಮಕ್ಕೆ ಒಳಪಟ್ಟಿರುವುದರಿಂದ ಚತುಷ್ಫಲಕವು ಕಕ್ಷೆಯ ಆಯ್ದ ಭಾಗದಲ್ಲಿ ಮಾತ್ರ ಒಪ್ಪವಾಗಿ ಮೂಡಿ, ಉಳಿದೆಡೆ ಎಳೆದಂತೆ ವಿಕಾರಗೊಳ್ಳುತ್ತದೆ. ಎಲ್ಲಿ ಮೂಡಬೇಕೆಂಬುದನ್ನು ಅಧ್ಯಯನದ ವಸ್ತು ನಿರ್ಧರಿಸುತ್ತದೆ. ಎರಡನೆಯದಾಗಿ, ನೌಕೆಗಳ ನಡುವಣ ದೂರವೇ ಒಂದು ಉಪಕರಣ. ಸಾವಿರಾರು ಕಿಲೋಮೀಟರ್ ಅಂತರದ ರಚನೆಗೆ ದೊಡ್ಡ ಅಲೆಗಳು ಕಾಣುತ್ತವೆ, ಸಣ್ಣ ಸುಳಿಗಳು ನುಸುಳಿಹೋಗುತ್ತವೆ; ಹತ್ತಿರದ ರಚನೆಗೆ ಸಣ್ಣವು ಕಾಣುತ್ತವೆ, ದೊಡ್ಡದರ ಆಕಾರ ತಪ್ಪಿಹೋಗುತ್ತದೆ.

ಈ ತರ್ಕವನ್ನು ಆಧರಿಸಿ ಯುರೋಪಿನ ವಿಜ್ಞಾನಿಗಳು ೧೯೮೨ರ ನವೆಂಬರ್‌ನಲ್ಲಿ ‘ಕ್ಲಸ್ಟರ್’ ಎಂಬ ಯೋಜನೆಯನ್ನು ಮುಂದಿಟ್ಟರು. ೧೯೮೬ರಲ್ಲಿ ಯುರೋಪಿಯನ್ ಬಾಹ್ಯಾಕಾಶ ಸಂಸ್ಥೆಯು ಅದನ್ನು ಅಂಗೀಕರಿಸಿತು. ಸುಮಾರು ೧೨೦೦ ಕಿಲೋಗ್ರಾಂ ತೂಕದ, ತಲಾ ಹನ್ನೊಂದು ಉಪಕರಣಗಳನ್ನು ಹೊತ್ತ, ಒಂದನ್ನೊಂದು ಹೋಲುವ ನಾಲ್ಕು ನೌಕೆಗಳು ಸಿದ್ಧವಾದವು.

೫. ೧೯೯೬ರ ದುರಂತ

೧೯೯೬ರ ಜೂನ್ ೪ರಂದು ದಕ್ಷಿಣ ಅಮೆರಿಕದ ಫ್ರೆಂಚ್ ಗಯಾನಾದ ಕೂರೂ ಉಡ್ಡಯನ ನೆಲೆಯಿಂದ ಏರಿಯಾನ್–೫ ರಾಕೆಟ್ ತನ್ನ ಮೊದಲ ಯಾನವನ್ನು ಕೈಗೊಂಡಿತು. ನಾಲ್ಕೂ ಕ್ಲಸ್ಟರ್ ನೌಕೆಗಳು ಅದರಲ್ಲಿಯೇ ಇದ್ದವು. ಸುಮಾರು ೩೭ ಸೆಕೆಂಡುಗಳ ನಂತರ ರಾಕೆಟ್ ದಾರಿ ತಪ್ಪಿ ವಾಲಿ, ಮುರಿದು, ಸ್ಫೋಟಗೊಂಡಿತು. ಹತ್ತು ವರ್ಷಗಳ ದುಡಿಮೆಯ ಅವಶೇಷಗಳು ಕೂರೂ ಸುತ್ತಣ ಜೌಗುನೆಲದಲ್ಲಿ ಚದುರಿ ಬಿದ್ದವು.

ಗಣಿತಜ್ಞ ಜಾಕ್-ಲೂಯಿ ಲಿಯಾನ್ಸ್ ಅವರ ಅಧ್ಯಕ್ಷತೆಯ ತನಿಖಾ ಮಂಡಳಿ ಅದೇ ಜುಲೈನಲ್ಲಿ ವರದಿ ನೀಡಿತು. ದಿಕ್ಕು ಮತ್ತು ವೇಗಗಳನ್ನು ತಿಳಿಸುವ ಘಟಕದ ತಂತ್ರಾಂಶವನ್ನು ಹಿಂದಿನ ಏರಿಯಾನ್–೪ ರಾಕೆಟ್ಟಿನಿಂದ ಹಾಗೆಯೇ ತೆಗೆದುಕೊಳ್ಳಲಾಗಿತ್ತು. ಹೊಸ ರಾಕೆಟ್ಟಿನ ಅಡ್ಡವೇಗ ಹೆಚ್ಚಾಗಿದ್ದುದರಿಂದ, ೬೪ ಬಿಟ್‌ಗಳ ಸಂಖ್ಯೆಯೊಂದನ್ನು ೧೬ ಬಿಟ್‌ಗಳ ಪೂರ್ಣಾಂಕವಾಗಿ ಪರಿವರ್ತಿಸುವಾಗ ಆ ಚಿಕ್ಕ ಪಾತ್ರೆಗೆ ಅದು ಹಿಡಿಸದೆ ಘಟಕ ಸ್ಥಗಿತಗೊಂಡಿತು. ವಿಪರ್ಯಾಸವೆಂದರೆ, ದೋಷ ತೋರಿದ ಆ ಲೆಕ್ಕವು ರಾಕೆಟ್ ಮೇಲೆದ್ದ ಬಳಿಕ ಬೇಕಾಗಿಯೇ ಇರಲಿಲ್ಲ.

ಈ ಘಟನೆಯಲ್ಲಿ ಸಾಕ್ಷ್ಯವಿಚಾರಕ್ಕೆ ಸಂಬಂಧಿಸಿದ ಮುಖ್ಯ ಪಾಠವೊಂದಿದೆ. ರಾಕೆಟ್ಟಿನಲ್ಲಿ ಅಂತಹ ಘಟಕಗಳು ಎರಡಿದ್ದವು. ಒಂದು ಕೆಟ್ಟರೆ ಇನ್ನೊಂದು ಇರಲಿ ಎಂಬುದು ಉದ್ದೇಶ. ಆದರೆ ಎರಡರ ಯಂತ್ರಾಂಶವೂ ತಂತ್ರಾಂಶವೂ ಒಂದೇ ಆಗಿದ್ದವು. ಮೀಸಲು ಘಟಕವು ಅದೇ ಕಾರಣಕ್ಕೆ, ಮುಖ್ಯ ಘಟಕಕ್ಕಿಂತ ಕ್ಷಣಾರ್ಧ ಮೊದಲೇ ನಿಂತುಹೋಗಿತ್ತು. ಒಂದೇ ಮೂಲಪ್ರತಿಯಿಂದ ನಕಲಾದ ಎರಡು ಓಲೆಗ್ರಂಥಗಳಲ್ಲಿ ಒಂದೇ ತಪ್ಪು ಕಂಡುಬಂದರೆ ಗ್ರಂಥಸಂಪಾದಕನು ಅವನ್ನು ಎರಡು ಸಾಕ್ಷಿಗಳೆಂದು ಎಣಿಸುವುದಿಲ್ಲ. ಕ್ಲಸ್ಟರ್ ನೌಕೆಗಳೂ ಒಂದನ್ನೊಂದು ಹೋಲುವಂಥವೇ ಆಗಿದ್ದರೂ ಅವು ನಿಲ್ಲಬೇಕಾಗಿದ್ದ ಸ್ಥಳಗಳು ಬೇರೆ ಬೇರೆ. ಉಪಕರಣ ಒಂದೇ ಆಗಿರುವುದರಿಂದಲೇ ಅಲ್ಲಿ ಕಂಡ ವ್ಯತ್ಯಾಸವನ್ನು ಸ್ಥಳದ ವ್ಯತ್ಯಾಸವೆಂದು ನಂಬಬಹುದು. ರಾಕೆಟ್ಟಿನ ಜೋಡಿ ಘಟಕಗಳಾದರೋ ಒಂದೇ ಸ್ಥಳದಲ್ಲಿ ಒಂದೇ ಪ್ರಶ್ನೆಗೆ ಒಂದೇ ತಪ್ಪು ಉತ್ತರ ಕೊಟ್ಟವು. ಸಾಕ್ಷಿಗಳ ಸಂಖ್ಯೆಯಷ್ಟೇ ಅವುಗಳ ನೆಲೆಯ ಭಿನ್ನತೆಯೂ ಮುಖ್ಯವೆಂಬುದು ಇದರಿಂದ ವಿದಿತವಾಗುತ್ತದೆ.

೬. ಮರುಹುಟ್ಟು ಮತ್ತು ನಾಮಕರಣ

ದುರಂತದ ನಂತರ ಉಳಿದಿದ್ದ ಬಿಡಿಭಾಗಗಳಿಂದ ಒಂದು ನೌಕೆಯನ್ನು ಕಟ್ಟಲು ನಿರ್ಧರಿಸಲಾಯಿತು. ಬೂದಿಯಿಂದ ಮರಳಿ ಹುಟ್ಟುವ ಪುರಾಣದ ಹಕ್ಕಿಯ ನೆನಪಿಗೆ ಅದನ್ನು ‘ಫೀನಿಕ್ಸ್’ ಎಂದು ಕರೆದರು. ಆದರೆ ಒಂಟಿ ನೌಕೆಯಿಂದ ಮೂಲ ಉದ್ದೇಶ ಈಡೇರದೆಂಬುದು ಎಲ್ಲರಿಗೂ ತಿಳಿದಿತ್ತು. ೧೯೯೭ರ ಏಪ್ರಿಲ್‌ನಲ್ಲಿ ಇನ್ನೂ ಮೂರು ನೌಕೆಗಳ ನಿರ್ಮಾಣಕ್ಕೆ ಒಪ್ಪಿಗೆ ದೊರೆಯಿತು. ಈ ಬಾರಿ ನಾಲ್ಕನ್ನೂ ಒಂದೇ ರಾಕೆಟ್ಟಿನಲ್ಲಿ ಇರಿಸಲಿಲ್ಲ. ಕಜಾಕಸ್ತಾನದ ಬೈಕನೂರಿನಿಂದ ರಷ್ಯಾದ ಸೋಯುಜ್ ರಾಕೆಟ್ಟುಗಳಲ್ಲಿ ೨೦೦೦ದ ಜುಲೈ ೧೬ರಂದು ಎರಡು, ಆಗಸ್ಟ್ ೯ರಂದು ಎರಡು ನೌಕೆಗಳು ಹಾರಿದವು.

ನೌಕೆಗಳಿಗೆ ಹೆಸರಿಡಲು ಯುರೋಪಿನ ಸಾರ್ವಜನಿಕರಿಗಾಗಿ ಸ್ಪರ್ಧೆಯನ್ನು ಏರ್ಪಡಿಸಲಾಗಿತ್ತು. ಬ್ರಿಟನ್ನಿನ ಬ್ರಿಸ್ಟಲ್ ನಗರದಿಂದ ಬಂದ ಸೂಚನೆಯಂತೆ ರುಂಬಾ, ಸಾಲ್ಸಾ, ಸಾಂಬಾ, ಟ್ಯಾಂಗೋ ಎಂಬ ನೃತ್ಯಗಳ ಹೆಸರುಗಳು ಆಯ್ಕೆಯಾದವು. ಫೀನಿಕ್ಸ್ ನೌಕೆಯೇ ರುಂಬಾ ಆಯಿತು. ಇವು ಅರಮನೆಯ ನೃತ್ಯಗಳಲ್ಲ. ರುಂಬಾ ಮತ್ತು ಸಾಂಬಾಗಳು ಕ್ಯೂಬಾ ಹಾಗೂ ಬ್ರೆಜಿಲ್‌ಗಳ ಆಫ್ರಿಕನ್ ಮೂಲದ ಜನಸಮುದಾಯಗಳಲ್ಲಿ ಬೆಳೆದಂಥವು. ಟ್ಯಾಂಗೋ ಬ್ಯೂನಸ್ ಐರಿಸ್ ಮತ್ತು ಮಾಂಟೆವಿಡಿಯೊ ಬಂದರುಗಳ ಬಡಾವಣೆಗಳಲ್ಲಿ ರೂಪುಗೊಂಡದ್ದು. ಅಂತರವನ್ನು ಕಾಯ್ದುಕೊಂಡು, ಹತ್ತಿರ ಸರಿದು, ದೂರ ಹೋಗಿ ಮತ್ತೆ ಕೂಡುವ ನೌಕೆಗಳ ಚಲನೆಗೆ ಜನಸಾಮಾನ್ಯರು ತಮಗೆ ಪರಿಚಿತವಾದ ಕುಣಿತದ ಹೋಲಿಕೆಯನ್ನು ಕಂಡದ್ದು ಸಹಜವೇ ಆಗಿದೆ.

೨೦೦೧ರ ಫೆಬ್ರವರಿಯಲ್ಲಿ ವೈಜ್ಞಾನಿಕ ಕಾರ್ಯ ಆರಂಭವಾಯಿತು. ಕೆಲವು ನೂರು ಕಿಲೋಮೀಟರ್‌ಗಳಿಂದ ಹತ್ತು ಸಾವಿರ ಕಿಲೋಮೀಟರ್‌ಗಳವರೆಗೆ ಅಂತರವನ್ನು ಬದಲಿಸುತ್ತ ನೌಕೆಗಳು ಅಳೆದವು. ಕಾಂತಗೋಳದ ಪಕ್ಕದ ಗಡಿಯಲ್ಲಿ, ನೀರಿನ ಮೇಲೆ ಗಾಳಿ ಎಬ್ಬಿಸುವ ಅಲೆಗಳಂತೆ ಹುಟ್ಟಿ ಸುರುಳಿಯಾಗುವ ಪ್ಲಾಸ್ಮಾ ಸುಳಿಗಳಿರುವುದು ೨೦೦೪ರಲ್ಲಿ ಪ್ರಕಟವಾಯಿತು. ಸೌರಮಾರುತದ ಕಣಗಳು ಒಳನುಸುಳಲು ಇವೂ ಒಂದು ದಾರಿ. ಪುನರ್ಜೋಡಣೆಯ ಸ್ಥಳದಲ್ಲಿ ಕಾಂತಕ್ಷೇತ್ರವು ಶೂನ್ಯವಾಗುವ ಬಿಂದುವನ್ನು ನಾಲ್ಕು ನೌಕೆಗಳ ನಡುವೆ ಹಿಡಿದ ವರದಿ ೨೦೦೬ರಲ್ಲಿ ಬಂದಿತು. ಎರಡು ವರ್ಷಗಳಿಗೆಂದು ರೂಪಿಸಿದ ಯೋಜನೆ ೨೦೨೪ರವರೆಗೆ ನಡೆಯಿತು.

೭. ಮುಂದಿನ ಸಮೂಹಗಳು

೨೦೦೭ರ ಫೆಬ್ರವರಿ ೧೭ರಂದು ಅಮೆರಿಕ ಹಾರಿಸಿದ ‘ಥೀಮಿಸ್’ನ ಐದು ನೌಕೆಗಳ ಎದುರು ಇದ್ದದ್ದು ಘಟನೆಗಳ ಅನುಕ್ರಮದ ಪ್ರಶ್ನೆ. ಧ್ರುವಪ್ರಭೆ ಹಠಾತ್ತನೆ ಉಜ್ವಲಗೊಳ್ಳುವ ಉಪಚಂಡಮಾರುತದಲ್ಲಿ ಮೊದಲ ಕಿಡಿ ಭೂಮಿಗೆ ಸಮೀಪದಲ್ಲಿ ಹುಟ್ಟುವುದೋ ಬಾಲದ ದೂರದ ಭಾಗದಲ್ಲಿ ಹುಟ್ಟುವುದೋ ಎಂಬ ವಿವಾದ ದಶಕಗಳಿಂದ ನಡೆದಿತ್ತು. ಬಾಲದುದ್ದಕ್ಕೆ ಸಾಲಾಗಿ ನಿಂತ ನೌಕೆಗಳೂ ಕೆನಡಾ ಮತ್ತು ಅಲಾಸ್ಕಾಗಳ ನೆಲದ ಮೇಲಿನ ವೀಕ್ಷಣಾಲಯಗಳೂ ೨೦೦೮ರ ಫೆಬ್ರವರಿ ೨೬ರ ಘಟನೆಯನ್ನು ಒಟ್ಟಿಗೆ ದಾಖಲಿಸಿದವು. ದೂರದ ಪುನರ್ಜೋಡಣೆ ಮೊದಲು, ಸುಮಾರು ಒಂದೂವರೆ ನಿಮಿಷದ ಬಳಿಕ ಧ್ರುವಪ್ರಭೆ ಎಂಬ ಅನುಕ್ರಮ ಆ ಘಟನೆಯಲ್ಲಿ ಕಂಡಿತು. ಎಲ್ಲ ಘಟನೆಗಳಿಗೂ ಇದು ಅನ್ವಯಿಸುವುದೇ ಎಂಬ ಚರ್ಚೆ ನಂತರವೂ ಮುಂದುವರಿಯಿತು.

೨೦೧೫ರ ಮಾರ್ಚ್ ೧೨ರ ರಾತ್ರಿ ಫ್ಲಾರಿಡಾದಿಂದ ಹಾರಿದ ಎಂಎಂಎಸ್ ಯೋಜನೆಯ ನಾಲ್ಕು ನೌಕೆಗಳು ಚತುಷ್ಫಲಕವನ್ನು ಕುಗ್ಗಿಸುತ್ತ ಹೋದವು. ೨೦೧೬ರ ಸೆಪ್ಟೆಂಬರ್‌ನಲ್ಲಿ ಅವುಗಳ ನಡುವಣ ಅಂತರ ಕೇವಲ ೭.೨ ಕಿಲೋಮೀಟರ್ ಆಗಿತ್ತು. ೩೦ ಮಿಲಿಸೆಕೆಂಡಿಗೊಮ್ಮೆ ಎಲೆಕ್ಟ್ರಾನುಗಳನ್ನು ಅಳೆಯಬಲ್ಲ ಈ ನೌಕೆಗಳು ೨೦೧೫ರ ಅಕ್ಟೋಬರ್ ೧೬ರಂದು, ಕಾಂತರೇಖೆಗಳು ಕಡಿದು ಕೂಡುವ ಒಳಗರ್ಭವನ್ನೇ ಹಾದುಹೋದವು. ಡಂಗಿಯವರು ೧೯೬೧ರಲ್ಲಿ ಕಾಗದದ ಮೇಲೆ ಗುರುತಿಸಿದ್ದ ಪ್ರಕ್ರಿಯೆಯ ಕೇಂದ್ರವನ್ನು ಎಲೆಕ್ಟ್ರಾನುಗಳ ಮಟ್ಟದಲ್ಲಿ ವಿವರವಾಗಿ ಅಳೆಯಲು ಐದು ದಶಕಗಳಿಗೂ ಹೆಚ್ಚು ಕಾಲ ಹಿಡಿಯಿತು.

ಯುರೋಪಿನ ‘ಸ್ವಾರ್ಮ್’ ಯೋಜನೆಯ ಮೂರು ನೌಕೆಗಳು ೨೦೧೩ರ ನವೆಂಬರ್ ೨೨ರಂದು ರಷ್ಯಾದ ಪ್ಲೆಸೆಟ್ಸ್ಕ್‌ನಿಂದ ಹಾರಿ, ಭೂಮಿಗೆ ಹತ್ತಿರದ ಕಕ್ಷೆಗಳಲ್ಲಿ ಕಾಂತಕ್ಷೇತ್ರವನ್ನು ಅಳೆಯತೊಡಗಿದವು. ಜನಪದ ಅಧ್ಯಯನಕ್ಕೆ ಪ್ರಸ್ತುತವಾದ ಪ್ರಸಂಗವೊಂದು ಇವುಗಳ ಚರಿತ್ರೆಯಲ್ಲಿದೆ. ಕೆನಡಾದ ಆಲ್ಬರ್ಟಾದಲ್ಲಿ ಧ್ರುವಪ್ರಭೆಯನ್ನು ಅರಸಿ ಛಾಯಾಚಿತ್ರ ತೆಗೆಯುವ ಹವ್ಯಾಸಿಗಳ ಗುಂಪು ಆಕಾಶದಲ್ಲಿ ನೇರಳೆ ಬಣ್ಣದ ತೆಳುವಾದ ಪಟ್ಟಿಯೊಂದನ್ನು ಗುರುತಿಸಿತ್ತು. ಅದೇನೆಂದು ತಿಳಿಯದೆ, ೨೦೦೬ರ ವ್ಯಂಗ್ಯಚಿತ್ರ ಚಲನಚಿತ್ರವೊಂದರಲ್ಲಿ ಪ್ರಾಣಿಗಳು ಅಪರಿಚಿತ ವಸ್ತುವಿಗೆ ಇಟ್ಟ ‘ಸ್ಟೀವ್’ ಎಂಬ ಹೆಸರನ್ನೇ ಅದಕ್ಕೂ ಇಟ್ಟರು. ಸ್ವಾರ್ಮ್ ನೌಕೆಯೊಂದು ಅದರ ಮೂಲಕ ಹಾದಾಗ ಸುಮಾರು ೨೫ ಕಿಲೋಮೀಟರ್ ಅಗಲದ, ಸೆಕೆಂಡಿಗೆ ಸುಮಾರು ೬ ಕಿಲೋಮೀಟರ್ ವೇಗದಲ್ಲಿ ಪಶ್ಚಿಮಕ್ಕೆ ಹರಿಯುವ ಅತ್ಯುಷ್ಣ ಪ್ರವಾಹ ಕಂಡಿತು. ೨೦೧೮ರಲ್ಲಿ ಈ ಬಗೆಗಿನ ಸಂಶೋಧನ ಪ್ರಬಂಧ ಪ್ರಕಟವಾಯಿತು. ವಿಜ್ಞಾನಿಗಳು ಜನರಿಟ್ಟ ಹೆಸರನ್ನು ಬಿಡದೆ, ಅದರ ಅಕ್ಷರಗಳಿಗೆ ಹೊಂದುವ ಶಾಸ್ತ್ರೀಯ ವಿಸ್ತರಣೆಯನ್ನು ಕಲ್ಪಿಸಿದರು. ‘ನರಿಯ ಬೆಂಕಿ’ ಎಂದು ಕರೆದ ಪರಂಪರೆ ನಿಂತುಹೋಗಿಲ್ಲ.

೮. ಉಪಸಂಹಾರ

೨೦೨೪ರ ಮೇ ೧೦–೧೧ರ ತೀವ್ರ ಕಾಂತೀಯ ಚಂಡಮಾರುತದ ವೇಳೆ ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಗೆ ಸೇರಿದ ಲಡಾಖಿನ ಹಾನ್ಲೆ ವೀಕ್ಷಣಾಲಯದಿಂದ ಕೆಂಪು ಬೆಳಕು ಕಂಡಿತು. ಆ ಹೊತ್ತಿಗೆ ಭಾರತದ ಆದಿತ್ಯ–ಎಲ್೧ ನೌಕೆಯು ಭೂಮಿಯಿಂದ ಸೂರ್ಯನ ಕಡೆಗೆ ಸುಮಾರು ೧೫ ಲಕ್ಷ ಕಿಲೋಮೀಟರ್ ದೂರದಲ್ಲಿ ಕಾರ್ಯನಿರತವಾಗಿತ್ತು. ೨೦೨೩ರ ಸೆಪ್ಟೆಂಬರ್ ೨ರಂದು ಹಾರಿದ ಅದರಲ್ಲಿ ಬೆಂಗಳೂರಿನಲ್ಲಿ ರೂಪುಗೊಂಡ ಕಾಂತಮಾಪಕವಿದೆ. ಆರು ಮೀಟರ್ ಉದ್ದದ ತೋಳಿನ ಮೇಲೆ ಎರಡು ಸಂವೇದಕಗಳನ್ನು ಅಳವಡಿಸಲಾಗಿದೆ. ನೌಕೆಯ ಸ್ವಂತ ಕಾಂತತ್ವವನ್ನು ಹೊರಗಿನದರಿಂದ ಬೇರ್ಪಡಿಸಲು ಅಲ್ಲಿಯೂ ಎರಡು ನೆಲೆಗಳ ಅಳತೆ ಬೇಕಾಯಿತು. ಮೇ ತಿಂಗಳ ಚಂಡಮಾರುತವನ್ನು ವಿಶ್ಲೇಷಿಸುವಾಗ ಆದಿತ್ಯದ ಮಾಪನಗಳನ್ನು ಅನ್ಯ ದೇಶಗಳ ನೌಕೆಗಳ ಮಾಪನಗಳೊಂದಿಗೆ ಕೂಡಿಸಿ ನೋಡಲಾಯಿತು. ೧೮೫೯ರಲ್ಲಿ ಕೊಲಾಬಾದ ದಾಖಲೆಗೆ ಅಂತಹ ಜೊತೆ ದೊರೆತಿರಲಿಲ್ಲ.

ಅದೇ ವರ್ಷದ ಸೆಪ್ಟೆಂಬರ್ ೮ರಂದು ಸಾಲ್ಸಾ ನೌಕೆಯನ್ನು ದಕ್ಷಿಣ ಪೆಸಿಫಿಕ್ ಸಾಗರದ ಮೇಲೆ, ಜನವಸತಿಯಿಂದ ದೂರದಲ್ಲಿ, ಉದ್ದೇಶಪೂರ್ವಕವಾಗಿ ವಾತಾವರಣಕ್ಕೆ ಇಳಿಸಲಾಯಿತು. ಅದು ಉರಿದುಹೋಗುವುದನ್ನು ವಿಮಾನವೊಂದರಿಂದ ವಿಜ್ಞಾನಿಗಳು ವೀಕ್ಷಿಸಿ ದಾಖಲಿಸಿದರು. ನಾಲ್ಕರಲ್ಲಿ ಒಂದು ಇಲ್ಲವಾದೊಡನೆ ಚತುಷ್ಫಲಕವೂ ಇಲ್ಲವಾಯಿತು. ಆದರೆ ಇಪ್ಪತ್ತಮೂರು ವರ್ಷಗಳಿಗೂ ಮೀರಿದ ಅದರ ಮಾಪನಗಳು ಸಂಶೋಧಕರಿಗೆ ಮುಕ್ತವಾದ ಭಂಡಾರದಲ್ಲಿ ಸಂರಕ್ಷಿತವಾಗಿವೆ. ಗಾಯಕನ ಕಾಲಾನಂತರವೂ ಅವನ ಪಾಠವನ್ನು ಮತ್ತೊಂದು ಪಾಠದ ಪಕ್ಕದಲ್ಲಿಟ್ಟು ಓದುವಂತೆ, ಈ ದಾಖಲೆಗಳನ್ನೂ ಮುಂದಿನ ನೌಕೆಗಳ ದಾಖಲೆಗಳೊಂದಿಗೆ ಇಟ್ಟು ಓದುವ ಕೆಲಸ ಉಳಿದಿದೆ. ಉಪ್ಸಾಲ ಮತ್ತು ಲಂಡನ್‌ಗಳ ನಡುವೆ ೧೭೪೧ರಲ್ಲಿ ನಡೆದ ಸಹವೀಕ್ಷಣೆಯ ವಿಸ್ತಾರ ಹೆಚ್ಚಿದೆಯೇ ಹೊರತು ಅದರ ತತ್ತ್ವ ಬದಲಾಗಿಲ್ಲ.